ದೊಡ್ಡಪ್ಪ ದಿನಾ ಎಬ್ಬಿಸುತ್ತಿದ್ದ ಕಾರು

ಭಾನುವಾರ ಬೆಳಿಗ್ಗೆ ಕಾರಿನ ಕೀ ತಿರುಗಿಸಿದೆ. ಟಕ್ ಎಂದಿತು, ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದರೆ ಆ ಟಕ್ಕೂ ಇಲ್ಲ. ಹುಣಸೂರಿನಲ್ಲಿ ನನ್ನ ಮನೆಯಿಂದ ಕೆಲಸಕ್ಕೆ ನಡೆದೇ ಹೋಗಬಹುದು, ತರಕಾರಿಯವನು ಬಾಗಿಲಿಗೇ ಬರುತ್ತಾನೆ. ಹಾಗಾದರೆ ಕಾರು ಯಾಕೆ ಕೊಂಡೆ ಎಂದು ದಯವಿಟ್ಟು ಕೇಳಬೇಡಿ. ಬಾನೆಟ್ ಎತ್ತಿ, ಎಲ್ಲ ತಿಳಿದವಳಂತೆ ಒಳಗೆ ಇಣುಕಿದೆ. ಬ್ಯಾಟರಿಯ ತುದಿಯಲ್ಲಿ ಬೂದಿಯಂಥ ಬಿಳಿ ಪುಡಿ ಕಟ್ಟಿತ್ತು. ಅದನ್ನು ಕಂಡದ್ದೇ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ಎಂದರೆ ನನ್ನ ಅಪ್ಪನ ಅಣ್ಣ, ಹೊಸ ಅಗ್ರಹಾರದ ಕಡೆಯ ರೈತರು. ಓದು ಮುಗಿದು ಕೆಲಸ ಸಿಗುವವರೆಗೆ ನಾನು ಅವರ ಮನೆಯಲ್ಲೇ ಇದ್ದೆ. ಕೆಲಸ ಹುಡುಕುತ್ತಿದ್ದೇನೆ ಎಂದು ಹೇಳಿಕೊಂಡು ಮೂರು ಹೊತ್ತು ರಾಗಿಮುದ್ದೆ ಉಣ್ಣುತ್ತಿದ್ದ ಸುಖದ ಕಾಲ ಅದು. ಕೊಟ್ಟಿಗೆಯ ಪಕ್ಕದ ಶೀಟಿನ ಮನೆಯಲ್ಲಿ ಒಂದು ಬಿಳಿ ಕಾರು ನಿಂತಿರುತ್ತಿತ್ತು. ದೊಡ್ಡಪ್ಪ ವಯಸ್ಸಾದ ಮೇಲೆ ಡ್ರೈವಿಂಗ್ ಕಲಿತು ತಂದದ್ದು. ಊರಬಾಗಿಲಿನವರೆಗೆ ಓಡಿಸಿ ವಾಪಸ್ ತಂದು ನಿಲ್ಲಿಸಿದರೆ ಅವರ ಮಟ್ಟಿಗೆ ಅದೇ ದೊಡ್ಡ ಪ್ರಯಾಣ.

ಅವರದೊಂದು ಕ್ರಮವಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು ನೇರ ಕಾರಿನ ಹತ್ತಿರ ಬರುತ್ತಿದ್ದರು. ಬೆರಳಲ್ಲಿ ಉಳಿದ ವಿಭೂತಿಯಿಂದ ಬಾನೆಟ್ ಮೇಲೆ ಮೂರು ಗೆರೆ ಎಳೆದು, ಊದುಬತ್ತಿ ಬೆಳಗಿ, ಒಳಗೆ ಕೂತು ಸ್ಟಾರ್ಟ್ ಮಾಡುತ್ತಿದ್ದರು. ಎಂಜಿನ್ನಿನ ಸದ್ದನ್ನು ಮಂಗಳಾರತಿಯ ಗಂಟೆ ಕೇಳುವವರಂತೆ ಕಣ್ಣುಮುಚ್ಚಿ ಕೇಳಿ, ಕೈಮುಗಿದು, ಆಫ್ ಮಾಡಿ ಇಳಿದುಬಿಡುತ್ತಿದ್ದರು. ಒಲೆಯ ಮೇಲಿಟ್ಟ ಹಾಲು ಬಿಸಿಯಾಗುವಷ್ಟು ಹೊತ್ತೂ ಅದು ಓಡುತ್ತಿರಲಿಲ್ಲ.

ಇಷ್ಟು ಉಪಚಾರ ಮಾಡಿದರೂ ಬ್ಯಾಟರಿ ಮಾತ್ರ ಪದೇ ಪದೇ ಸಾಯುತ್ತಿತ್ತು. ಬಿಸಿನೀರು ಹುಯ್ದು ತುದಿ ತೊಳೆದದ್ದಾಯಿತು, ಕೊಬ್ಬರಿ ಎಣ್ಣೆ ಸವರಿದ್ದಾಯಿತು. ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕಟ್ಟಿದ್ದೂ ಆಯಿತು. ಕೆ.ಆರ್. ನಗರದ ಬ್ಯಾಟರಿ ಅಂಗಡಿಯವರು ಹೊಸದನ್ನೇ ಹಾಕಿಕೊಟ್ಟರು. ಅದೂ ಹಳೆಯದರ ದಾರಿ ಹಿಡಿಯಿತು.

ಇದರಲ್ಲಿ ನಿಜವಾಗಿ ನೊಂದವಳು ದೊಡ್ಡವ್ವ. ಅವಳಿಗೆ ಒಡಹುಟ್ಟಿದವಳೆಂದರೆ ಒಬ್ಬಳೇ ಅಕ್ಕ. ಹೆಗ್ಗಡದೇವನಕೋಟೆಯ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದರು. ಆ ಅಕ್ಕ ಹಾಸಿಗೆ ಹಿಡಿದಿದ್ದಳು. ದೊಡ್ಡವ್ವನಿಗೋ ಬಸ್ಸು ಹತ್ತಿದರೆ ಹುಣಸೂರು ಬರುವುದರೊಳಗೆ ವಾಂತಿಯಾಗಿ ಪ್ರಾಣ ಬಾಯಿಗೆ ಬರುತ್ತಿತ್ತು. 'ಒಂದ್ಸಲ ಕೋಟೆಗೆ ಕರ್ಕೊಂಡೋಗಿ, ಅವಳ ಮಕ ನೋಡ್ಕಂಡು ಬಂದ್ಬುಡ್ತೀನಿ' ಎಂದು ಅವಳು ಕೇಳುವುದು, 'ಬ್ಯಾಟ್ರಿ ಸರಿಯಾಗ್ಲಿ ಬುಡು. ದಾರೀಲಿ ನಿಂತೋದ್ರೆ ಯಾರು ತಳ್ತಾರೆ?' ಎಂದು ಇವರು ಹೇಳುವುದು. ಬಾಡಿಗೆ ಕಾರು ಮಾಡಿಕೊಂಡು ಹೋಗೋಣ ಎಂದು ನಾನೇ ಒಮ್ಮೆ ಬಾಯಿ ಹಾಕಿದೆ. ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. 'ಮನೇಲಿ ಗಾಡಿ ಮಡಿಕಂಡು ಬಾಡಿಗೆ ಗಾಡೀಲಿ ಓದ್ರೆ, ನೆಂಟ್ರ ಊರ್ನಲ್ಲಿ ಮಕ ಎತ್ಕಂಡು ತಿರುಗ್ಲಾ ನಾನು?' ಎಂದರು. ನಮ್ಮ ಕಡೆ ಈ ಮಾತಿಗೆ ಎದುರು ಮಾತಿಲ್ಲ. ದೊಡ್ಡವ್ವ ಒಳಗೆ ಹೋದಳು.

ಕೊನೆಗೆ ಬ್ಯಾಟರಿ ಅಂಗಡಿಯವರು ಒಂದು ದಿನ ಬೆಳಿಗ್ಗೆಯೇ ಬಂದರು. ಕರೆಂಟು ಎಲ್ಲಾದರೂ ಸೋರುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಬೇಕಿತ್ತು. ಅಷ್ಟರಲ್ಲಿ ದೊಡ್ಡಪ್ಪನ ಪೂಜೆಯ ಹೊತ್ತಾಯಿತು. ವಿಭೂತಿ, ಊದುಬತ್ತಿ, ಸ್ಟಾರ್ಟು, ಕೈಮುಗಿಯುವುದು, ಆಫು. ಅಂಗಡಿಯವರು ನೋಡುತ್ತ ನಿಂತಿದ್ದವರು, 'ದಿನಾ ಇಂಗೇ ಮಾಡ್ತೀರಾ ಯಜಮಾನ್ರೇ?' ಎಂದರು. ಹೌದೆಂದು ದೊಡ್ಡಪ್ಪ ಹೆಮ್ಮೆಯಿಂದಲೇ ಹೇಳಿದರು.

'ಅದೇ ಕಣ್ರೀ ಕಾಯ್ಲೆ. ಸ್ಟಾರ್ಟ್ ಮಾಡಕ್ಕೇ ಬ್ಯಾಟ್ರಿ ಜೋರಾಗಿ ಖರ್ಚಾಯ್ತದೆ. ಗಾಡಿ ಓಡುದ್ರೆ ತಾನೆ ಅದು ಮತ್ತೆ ತುಂಬ್ಕಳದು? ನೀವು ತಗೋತೀರಿ, ವಾಪಸ್ ಕೊಡಲ್ಲ. ಇದ್ರಲ್ಲಿ ಏನೂ ಕೆಟ್ಟಿಲ್ಲ. ಚಾರ್ಜ್ ಮಾಡ್ಕೊಡ್ತೀನಿ, ಎಲ್ಲಾದ್ರೂ ದೂರ ಓಗ್ಬನ್ನಿ.'

ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ ಎಲ್ಲ ಕೇಳಿಸಿಕೊಂಡಳು. ಕಾರು ಹೋಗದಿದ್ದದ್ದು ಬ್ಯಾಟರಿ ಸಾಯುತ್ತಿದ್ದುದರಿಂದ, ಬ್ಯಾಟರಿ ಸಾಯುತ್ತಿದ್ದದ್ದು ಕಾರು ಹೋಗದಿದ್ದುದರಿಂದ. ಕೋಟೆಗೆ ಹೋಗಿದ್ದರೆ ಎರಡೂ ಮುಗಿಯುತ್ತಿದ್ದವು. ದೊಡ್ಡಪ್ಪ ತಲೆ ಕೆರೆದುಕೊಂಡು, 'ಸೋಮವಾರ ಒಳ್ಳೇ ದಿನ, ಓಗವ' ಎಂದರು. ದೊಡ್ಡವ್ವ ಅಂದೇ ಅಕ್ಕನಿಗೆಂದು ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿದಳು.

ಸೋಮವಾರಕ್ಕೆ ಮೊದಲೇ ಕೋಟೆಯಿಂದ ಫೋನು ಬಂತು.

ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹುಣಸೂರು ದಾಟಿತು, ಕೋಟೆ ದಾಟಿತು, ಎಲ್ಲೂ ನಿಲ್ಲಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ದೊಡ್ಡವ್ವ ಎದುರಿಗೆ ಕೂತು ಅವಳ ಕೈ ಹಿಡಿದುಕೊಂಡಳು. ವಾಪಸ್ ಬರುವಾಗ ದೊಡ್ಡಪ್ಪನೇ ಏನಾದರೂ ಹೇಳಬೇಕೆಂದು, 'ಗಾಡಿ ಚೆನ್ನಾಗೇ ಬಂತು ಕಣೆ' ಎಂದರು.

'ಮೊದ್ಲೂ ಬತ್ತಿತ್ತು' ಎಂದಳು ದೊಡ್ಡವ್ವ.

ದೊಡ್ಡಪ್ಪ ಆ ಮಾತನ್ನು ಸಾಯುವತನಕ ಮರೆಯಲಿಲ್ಲ ಎಂದು ನನಗೆ ಗೊತ್ತು. ಆಮೇಲೆ ಅವರು ಎಲ್ಲಿಗೆ ಕರೆದರೂ ದೊಡ್ಡವ್ವ ಆ ಕಾರು ಹತ್ತಲಿಲ್ಲ. ಕೆಟ್ಟವರಲ್ಲ ನಮ್ಮ ದೊಡ್ಡಪ್ಪ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಈ ಭಾನುವಾರ ಪಕ್ಕದ ಬೀದಿಯ ಮೆಕ್ಯಾನಿಕ್ ಬಂದು, ಬೇರೆ ಬ್ಯಾಟರಿಯಿಂದ ವೈರು ಕೊಟ್ಟು ನನ್ನ ಕಾರನ್ನು ಎಬ್ಬಿಸಿದರು. 'ಈಗ್ಲೇ ಆಫ್ ಮಾಡ್ಬೇಡಿ ಮೇಡಂ, ದೂರ ಒಂದು ರೌಂಡ್ ಹೋಗ್ಬನ್ನಿ' ಎಂದರು. ನಾನು ಹೊಸ ಅಗ್ರಹಾರಕ್ಕೆ ಹೋದೆ. ದೊಡ್ಡವ್ವ ಸೊಸೆಯ ಜೊತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಎಂಜಿನ್ ಆಫ್ ಮಾಡದೆ ಕಿಟಕಿಯಿಂದಲೇ ಕರೆದೆ. 'ಬಾ ದೊಡ್ಡವ್ವ, ಎಲ್ಲಾದ್ರೂ ಹೋಗಿಬರೋಣ. ನೀನು ಹೇಳಿದ ಕಡೆ ಕರ್ಕೊಂಡು ಹೋಗ್ತೀನಿ.'

'ಎಲ್ಲಿಗಂತ ಏಳ್ಲವ್ವ? ನಾನು ಓಗ್ಬೇಕು ಅಂತಿದ್ದ ಮನೆ ಒಂದೇ.'

ಕಾರು ಆಫ್ ಮಾಡಿ ಇಳಿದೆ. ಮತ್ತೆ ಏಳದಿದ್ದರೆ ಏಳದಿರಲಿ ಎನ್ನಿಸಿತು. ಅವಳ ಪಕ್ಕ ಕೂತು, ಆ ಮನೆಯಲ್ಲಿ ಯಾರೂ ಕೇಳದ ಮಾತನ್ನು ಕೇಳಿದೆ: 'ನಿಮ್ಮಕ್ಕ ಹೇಗಿದ್ರು ದೊಡ್ಡವ್ವ?'

ಕಾಯಿ ಸುಲಿಯುತ್ತಿದ್ದ ಕೈ ನಿಂತಿತು.

'ನನ್ಗಿಂತ ಎತ್ರ ಇದ್ಲು. ನಗ್ತಿದ್ಲು, ಮಾತಾಡ್ತಿದ್ಲು, ಅದೆಲ್ಲ ನೆಪ್ಪು ಮಾಡ್ಕಳಕ್ಕೆ ನೋಡ್ತೀನಿ ಕಣವ್ವ. ಬರಕಿಲ್ಲ. ಗೋಡೆಗೆ ಒರಗ್ಸಿ ಕೂರ್ಸಿದ್ರಲ್ಲ, ಅದೊಂದೇ ಬತ್ತದೆ.'