ಗಾಲಿಗೆ ಕೊಟ್ಟ ಕಲ್ಲು

ಪಿಕಪ್ ಇಟ್ಟವರ ಮನೆಗೆ ಬಂದ ಗಂಡಸರು ಚಹಾ ಕುಡಿಯುತ್ತ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: ಬ್ರೇಕ್ ಪ್ಯಾಡ್ ಎಷ್ಟು ದಿನ ಬಂತು? ಒಬ್ಬ ಮೂವತ್ತು ಸಾವಿರ ಕಿಲೋಮೀಟರ್ ಎನ್ನುತ್ತಾನೆ. ಇನ್ನೊಬ್ಬ ತನ್ನದು ಐವತ್ತು ಸಾವಿರ ಓಡಿದರೂ ಹೊಸದರಂತಿದೆ ಎನ್ನುತ್ತಾನೆ. ಮತ್ತೊಬ್ಬನಿಗೆ ಬದಲಿಸಿದ್ದೇ ನೆನಪಿರುವುದಿಲ್ಲ, ಅದನ್ನು ಹೇಳುತ್ತ ಮೀಸೆ ತಿರುವುತ್ತಾನೆ. ಬ್ರೇಕ್ ಸವೆಸದೆ ಓಡಿಸುವವನೇ ಪಕ್ಕಾ ಡ್ರೈವರ್ ಎಂದು ನಮ್ಮ ಕಡೆ ತಿಳಿದುಕೊಂಡಿದ್ದಾರೆ. ಗಾಡಿ ಸರಿಯಾಗಿ ನಿಲ್ಲುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಮಾತುಕತೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ, ಚಹಾದ ಕಪ್ಪುಗಳನ್ನು ಸದ್ದು ಮಾಡಿ ಎತ್ತಿಕೊಂಡು ಒಳಗೆ ಹೋಗುತ್ತೇನೆ.

ನಮ್ಮದು ರಾಜೇಶ್ವರದ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆ. ನನ್ನ ಗಂಡ ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ತಿರುಗುತ್ತಾರೆ. ಪಿಕಪ್ ಓಡಿಸುವವನು ಮೈದುನ. ಗಾಡಿ ಕಾಗದದಲ್ಲಿ ನನ್ನ ಹೆಸರಿನಲ್ಲಿದೆ, ಕೀಲಿ ಅವನ ಜೇಬಿನಲ್ಲಿರುತ್ತದೆ. ವಾರಕ್ಕೊಮ್ಮೆ ಹುಮನಾಬಾದಿನ ಸಂತೆಗೆ ಕುರಿ ಒಯ್ಯುತ್ತೇವೆ, ಸುಗ್ಗಿ ಬಂದರೆ ಓಣಿಯ ಹೆಂಗಸರು ಅದೇ ಗಾಡಿ ಹತ್ತಿ ಸೋಯಾ ಕೊಯ್ಯಲು, ತೊಗರಿ ಕೊಯ್ಯಲು ಹೋಗುತ್ತಾರೆ. ಕುರಿ ಏರಿಸುವ ಕೆಲಸ ಅತ್ತೆಯದು. ಹಿಂಬದಿಗೆ ಹಲಗೆ ಹಚ್ಚಿ, ಗಾಡಿಯ ಬೆನ್ನಿಗೇ ನಿಂತು, ಟಗರುಗಳನ್ನು ಬೈಯುತ್ತ ಒಂದೊಂದಾಗಿ ಮೇಲಕ್ಕೆ ದಬ್ಬುತ್ತಾರೆ. ನಾನು ಕೈ ಹಚ್ಚಲು ಹೋದರೆ ನನಗೂ ಒಂದಿಷ್ಟು ಬೈಗುಳ ಸಿಗುತ್ತದೆ.

ಕಳೆದ ವರ್ಷ ಗಾಡಿ ಬ್ರೇಕ್ ಹಾಕಿದಾಗಲೆಲ್ಲ ಕಿರುಚಲು ಶುರುಮಾಡಿತು. ಮೈದುನ ಬಸವಕಲ್ಯಾಣದ ಗ್ಯಾರೇಜಿಗೆ ಒಯ್ದ, ಆಸ್ಪತ್ರೆಯ ಕೆಲಸವಿದ್ದುದರಿಂದ ನಾನೂ ಜೊತೆಗಿದ್ದೆ. ಮುಂದಿನ ಗಾಲಿಗಳ ಪ್ಯಾಡ್ ಪೂರಾ ಸವೆದಿದ್ದವು, ಬದಲಿಸಿದರು. ಹಿಂದಿನ ಗಾಲಿಗಳಲ್ಲಿ ಪ್ಯಾಡ್ ಇರುವುದಿಲ್ಲ, ಡ್ರಮ್ಮಿನ ಒಳಗೆ ಬ್ರೇಕ್ ಶೂ ಇರುತ್ತವೆ. ನಮ್ಮಲ್ಲಿ ಅದಕ್ಕೆ ಲೈನರ್ ಎನ್ನುತ್ತಾರೆ. ಅವು ಕಣ್ಣಿಗೆ ಕಾಣುವುದಿಲ್ಲ, ಡ್ರಮ್ ಬಿಚ್ಚಿಯೇ ನೋಡಬೇಕು. ಬಿಚ್ಚಿ ನೋಡಲೇನು ಎಂದು ಮಿಸ್ತ್ರಿ ಕೇಳಿದ. ಮೈದುನ ಬೇಡ ಎಂದ. ಎಲ್ಲ ಜೋರು ಮುಂದಿನ ಗಾಲಿಯ ಮೇಲೇ ಬೀಳುತ್ತದೆ, ಹಿಂದಿನ ಲೈನರ್ ಪ್ಯಾಡಿನ ಎರಡರಷ್ಟು ಬಾಳುತ್ತವೆ ಎಂದು ಅವನ ವಾದ. ಅದು ಸುಳ್ಳಲ್ಲ. ಆದರೆ ಎರಡರಷ್ಟು ಬಾಳುವುದು ಎಂದರೆ ಸಾಯುವತನಕ ಬಾಳುವುದು ಎಂದಲ್ಲವಲ್ಲ! ನಮ್ಮ ಗಾಡಿ ಹೊರುವುದೇನು ಹತ್ತಿಯೇ? ತಾಸುಗಟ್ಟಲೆ ಕುರಿಗಳ ಉಚ್ಚೆ, ಹಿಕ್ಕೆ ಹಲಗೆಯ ಸಂದಿನಿಂದ ಹಿಂದಿನ ಗಾಲಿಗಳ ಮೇಲೆಯೇ ಸುರಿಯುತ್ತದೆ. ರಸ್ತೆಯಲ್ಲಿ ಊರಿಗೊಂದು ಹಂಪು, ಹಂಪಿಗೊಮ್ಮೆ ಬ್ರೇಕು. ಇಳಿಜಾರು ಬಂತೆಂದರೆ ಡೀಸೆಲ್ ಉಳಿಸುತ್ತೇನೆಂದು ಮೈದುನ ಗೇರ್ ತೆಗೆದು ಗಾಡಿಯನ್ನು ಸುಮ್ಮನೆ ಉರುಳಲು ಬಿಡುತ್ತಾನೆ, ಆಗ ಇಡೀ ಭಾರ ಬ್ರೇಕಿನ ಮೇಲೆ. ಇಷ್ಟೆಲ್ಲ ಆದ ಮೇಲೂ ಅವನು ಲೈನರಿಗೆ ಆಯುಷ್ಯ ಬರೆದುಕೊಟ್ಟವನಂತೆ ಮಾತಾಡುತ್ತಾನೆ.

ಲೈನರ್ ಹೋಗಿದೆ ಎಂಬುದು ಗೊತ್ತಾಗದೆ ಇರಲಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನೇ. ನಮ್ಮ ಅಂಗಳ ಸ್ವಲ್ಪ ಇಳಿಜಾರು. ಮೊದಲು ಹ್ಯಾಂಡ್‌ಬ್ರೇಕ್ ಜಗ್ಗಿದರೆ ಗಾಡಿ ಗೂಟ ಬಡಿದಂತೆ ನಿಲ್ಲುತ್ತಿತ್ತು. ಆಮೇಲೆ ಎಷ್ಟು ಜಗ್ಗಿದರೂ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಅದಕ್ಕೆ ನಮ್ಮ ಮನೆಯಲ್ಲಿ ಕಂಡುಕೊಂಡ ಔಷಧಿ ಒಂದು ಕಲ್ಲು. ಗಾಲಿಯ ಹಿಂದೆ ಕಲ್ಲು ಕೊಡುವುದು, ಹೊರಡುವಾಗ ಅದನ್ನು ಎತ್ತಿ ಗಾಡಿಯೊಳಗೆ ಹಾಕಿಕೊಳ್ಳುವುದು. ನಾನು ಲೈನರ್ ಮಾತೆತ್ತಿದರೆ ಮೈದುನನ ಉತ್ತರ ಒಂದೇ.

"ನಡೀತದ ವೈನಿ."

ಬ್ರೇಕು ಇರುವುದು ನಿಲ್ಲಿಸಲಿಕ್ಕೆ. ನಾನು ಕೇಳಿದ್ದು ನಿಲ್ಲುತ್ತದೆಯೇ ಎಂದು, ಅವನು ಹೇಳುತ್ತಿದ್ದುದು ನಡೆಯುತ್ತದೆ ಎಂದು. ಗಂಡನಿಗೆ ಫೋನ್ ಹಚ್ಚಿ ಹೇಳಿದೆ. ಅವರೂ ನಡೀತದ ಎಂದರು. ಇಬ್ಬರೂ ಒಂದೇ ತಾಯಿಯ ಮಕ್ಕಳು, ಬೇರೆ ಮಾತು ಎಲ್ಲಿಂದ ಬರಬೇಕು.

ಸುಗ್ಗಿ ಶುರುವಾದ ವಾರ ಸಂತೆಗೆ ನಾನೂ ಹೋಗಿದ್ದೆ. ಹುಮನಾಬಾದಿನ ಕುರಿ ಬಜಾರಿನಲ್ಲಿ ಒಮ್ಮೆ ನೆಲ ನೋಡುತ್ತ ನಡೆಯಿರಿ. ಸಾಲಾಗಿ ಪಿಕಪ್‌ಗಳು, ಒಂದೊಂದರ ಗಾಲಿಗೂ ಒಂದೊಂದು ಕಲ್ಲು. ಕೆಲವರದು ಇಟ್ಟಿಗೆ, ಕೆಲವರದು ಕಟ್ಟಿಗೆಯ ತುಂಡು. ಗಾಡಿಯ ಮುಂದಿನ ಗಾಜಿನ ಮೇಲೆ ದೇವರ ಹೆಸರು, ತಾಯಿಯ ಆಶೀರ್ವಾದ, ಮಿಂಚುವ ಕುಚ್ಚು, ಹಾರ ಎಲ್ಲ ಇವೆ. ಕೆಳಗೆ ನೋಡಿದರೆ ಕಲ್ಲು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಯಾರಿಗೂ ಕಾಣುವುದಿಲ್ಲ.

ಮಾರಾಟವಾಗದೆ ಉಳಿದ ಕುರಿಗಳನ್ನು ಅತ್ತೆ ಗಾಡಿಗೆ ಏರಿಸುತ್ತಿದ್ದರು. ಬ್ಯಾಟರಿ ಕೈಕೊಡುತ್ತದೆಂದು ಮೈದುನ ಎಂಜಿನ್ ಚಾಲೂ ಇಟ್ಟು, ಗೇರ್ ತೆಗೆದು, ಒಬ್ಬ ದಲಾಲನ ಜೊತೆ ಮಾತಿಗೆ ನಿಂತಿದ್ದ. ಬಜಾರಿನ ನೆಲವೂ ಇಳಿಜಾರು, ಗಾಡಿಯನ್ನು ಹಿಡಿದಿದ್ದದ್ದು ಗಾಲಿಗೆ ಕೊಟ್ಟ ಕಲ್ಲೊಂದೇ. ಪಕ್ಕದ ಪಿಕಪ್ಪಿನವನು ಬಂದ, ಬಗ್ಗಿದ, ನಮ್ಮ ಕಲ್ಲು ಎತ್ತಿಕೊಂಡು ಹೋಗಿ ತನ್ನ ಗಾಲಿಗೆ ಕೊಟ್ಟ. ಅವನ ಹ್ಯಾಂಡ್‌ಬ್ರೇಕೂ ಹಿಡಿಯುತ್ತಿರಲಿಲ್ಲ. ನಾನು ಕೂಗುವಷ್ಟರಲ್ಲಿ ಗಾಡಿ ಹಿಂದಕ್ಕೆ ಉರುಳಿತು. ಹಿಂದೆ ಇನ್ನೊಂದು ಗಾಡಿ ನಿಂತಿತ್ತು, ನಡುವೆ ಅತ್ತೆ. ಹೇಗೋ ಮೈ ತಿರುಗಿಸಿಕೊಂಡು ಪಕ್ಕಕ್ಕೆ ಬಿದ್ದರು. ಬಲಗೈ ಮಾತ್ರ ಎರಡು ಗಾಡಿಗಳ ನಡುವೆ ಸಿಕ್ಕಿತು. ಮೂಳೆ ಮುರಿದ ಸದ್ದು ಕುರಿಗಳ ಗದ್ದಲದಲ್ಲೂ ನನಗೆ ಕೇಳಿಸಿತು.

ಜನ ಓಡಿ ಬಂದರು. ಬಂದವರು ಏನು ಮಾಡಿದರು ಗೊತ್ತೇ? ಕಲ್ಲು ಯಾರದು ಎಂದು ಜಗಳ ಶುರುಮಾಡಿದರು. ಇನ್ನೊಬ್ಬರ ಕಲ್ಲು ತೆಗೆಯಬಹುದೇ ಎಂದು ಮೈದುನ ಆ ಮನುಷ್ಯನ ಕಾಲರ್ ಹಿಡಿದ. ಕಲ್ಲು ಅಲ್ಲೇ ನೆಲದಲ್ಲಿ ಬಿದ್ದಿತ್ತೆಂದು ತಿಳಿದೆ ಎಂದು ಅವನು ಆಣೆ ಹಾಕಿದ. ದಲಾಲ ನ್ಯಾಯ ಹೇಳಲು ನಿಂತ. ಅತ್ತೆ ನನ್ನ ತೊಡೆಯ ಮೇಲೆ ತಲೆಯಿಟ್ಟು ನರಳುತ್ತಿದ್ದರೆ, ಈ ಜಾಣರು ಕಲ್ಲಿನ ಮಾಲೀಕತ್ವ ತೀರ್ಮಾನ ಮಾಡುತ್ತಿದ್ದರು. ಬ್ರೇಕ್ ಯಾಕೆ ಹಿಡಿಯಲಿಲ್ಲ ಎಂದು ಅಷ್ಟು ಜನರಲ್ಲಿ ಒಬ್ಬನಾದರೂ ಬಾಯಿ ಬಿಡಲಿಲ್ಲ. ನಾನೇ ಒಂದು ಆಟೋ ನಿಲ್ಲಿಸಿ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೈಗೆ ಪ್ಲಾಸ್ಟರ್ ಹಾಕಿದರು. ಸುದ್ದಿ ಕೇಳಿ ಗಂಡ ಫೋನಿನಲ್ಲಿ ಮೊದಲು ಕೇಳಿದ್ದು, ಕಲ್ಲು ತೆಗೆದವನು ಯಾವ ಊರಿನವನು ಎಂದು. ನಾನು ಫೋನ್ ಕಟ್ ಮಾಡಿದೆ.

ಅತ್ತೆಯನ್ನು ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ಹೊರಗೆ ಬಂದರೆ ಅಂಗಳದಲ್ಲಿ ಓಣಿಯ ಹೆಂಗಸರು. ಕೈಯಲ್ಲಿ ಕುಡಗೋಲು, ಬುತ್ತಿ ಗಂಟು. ಸೋಯಾ ಕೊಯ್ಯಲು ಚಿಟಗುಪ್ಪದ ಕಡೆಯ ಹೊಲಕ್ಕೆ ಹೋಗಬೇಕು. ಮೈದುನ ಅದೇ ಗಾಡಿಯ ಗಾಜು ಒರೆಸುತ್ತಿದ್ದ. ನನಗೆ ತಲೆಗೇರಿತು. ಲೈನರ್ ಹಾಕಿಸದೆ ಈ ಗಾಡಿಗೆ ಒಬ್ಬರೂ ಹತ್ತಬಾರದು ಎಂದು ಅಡ್ಡ ನಿಂತೆ. ಎಲ್ಲರೆದುರು ಹೇಳಿದ್ದಕ್ಕೆ ಅವನಿಗೂ ಸಿಟ್ಟು ಬಂತು.

"ವೈನಿ, ನಿಮಗ ಗಾಡಿದು ತಿಳಿಯಂಗಿಲ್ಲ. ಕೇಬಲ್ ಜಗ್ಗಿಸೀನಿ. ಈಗ ಹ್ಯಾಂಡ್‌ಬ್ರೇಕ್ ಖಡಕ್ ಹಿಡೀತದ."

"ಹಂಗಾದ್ರ ಗೇರ್ ತೆಗಿ, ಹ್ಯಾಂಡ್‌ಬ್ರೇಕ್ ಹಾಕು. ಕಲ್ಲು ತೆಗೆದು ಗಾಡಿ ಹಿಂದ ನಿಂದರು. ನಿಮ್ಮವ್ವ ನಿಂತ ಜಾಗದಾಗ. ನೀ ನಿಂತಿ ಅಂದ್ರ ನಾ ಮತ್ತ ಬಾಯಿ ತೆಗಿಯಂಗಿಲ್ಲ."

ಅವನು ಹೆಂಗಸರ ಕಡೆ ನೋಡಿ ನಕ್ಕ. ಗೇರ್ ತೆಗೆದ. ಹ್ಯಾಂಡ್‌ಬ್ರೇಕ್ ಕರಕರ ಎಂದು ಕೊನೆಯತನಕ ಜಗ್ಗಿದ. ಹಿಂದೆ ಹೋಗಿ ಕಲ್ಲಿನ ಮುಂದೆ ಬಗ್ಗಿದ, ಅದರ ಮೇಲೆ ಕೈಯಿಟ್ಟ. ಆಗ ಹೊಸ್ತಿಲ ಮೇಲೆ ಕೂತಿದ್ದ ಅತ್ತೆ ಮಾತಾಡಿದರು.

"ಬ್ಯಾಡಪ್ಪಾ. ಅಲ್ಲಿ ನಿಂದರಬ್ಯಾಡ."

ಜೋರಾಗಿಯೇನೂ ಹೇಳಲಿಲ್ಲ. ಆದರೆ ಮೈದುನನ ಕೈ ಕಲ್ಲಿನ ಮೇಲೆಯೇ ಉಳಿಯಿತು. ಅವನು ಎದ್ದು ತಾಯಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಹೆಂಗಸರು ಬುತ್ತಿ ಎತ್ತಿಕೊಂಡು ಬಸ್ಸಿಗೆ ನಡೆದರು, ಗಾಡಿ ಬಸವಕಲ್ಯಾಣಕ್ಕೆ ಹೋಯಿತು. ಡ್ರಮ್ ಬಿಚ್ಚಿದಾಗ ಲೈನರ್ ಇರಬೇಕಾದಲ್ಲಿ ಬರೀ ಕಬ್ಬಿಣ ಇತ್ತಂತೆ, ಅದನ್ನು ಸಂಜೆ ಅವನೇ ಹೇಳಿದ. ಹೊಸ ಲೈನರ್ ಎಷ್ಟು ದಿನ ಬರುತ್ತವೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ, ಅದು ಈಗ ಅತ್ತೆಯ ಕಡೆ ತಿರುಗಿತ್ತು. ಮಗನಿಗೆ ಬೇಡ ಎಂದರು ಎಂದರೆ ಅವರಿಗೆ ಗೊತ್ತಿತ್ತು. ಗಾಡಿ ಜಾರುತ್ತದೆ ಎಂದು ಪ್ರತಿ ಸಂತೆಯಲ್ಲೂ ಗೊತ್ತಿದ್ದೇ ಅದರ ಬೆನ್ನಿಗೆ ನಿಂತಿದ್ದರು. ರಾತ್ರಿ ಅವರಿಗೆ ಊಟ ಮಾಡಿಸುವಾಗ ತಡೆಯಲಾಗಲಿಲ್ಲ. ಗೊತ್ತಿದ್ದೂ ಯಾಕೆ ನಿಂತಿರಿ, ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ರೇಗಿದೆ. ಅತ್ತೆ ಬಾಯಲ್ಲಿದ್ದ ತುತ್ತು ನುಂಗಿದರು.

"ನಾ ಸರದಿದ್ರ ಅಲ್ಲಿ ನೀ ನಿಂದರಬೇಕಾಗ್ತಿತ್ತವ್ವಾ."