ಅತ್ತೆಯನ್ನು ಪಕ್ಕ ಕೂರಿಸಿಕೊಂಡು ಜೀಪು ಕಲಿತದ್ದು

ನಮ್ಮ ಮನೆಯವರು ಕಾಳುಮೆಣಸಿನ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ ಮಗಳು ಒಂದನೇ ಕ್ಲಾಸಿನಲ್ಲಿದ್ದಳು, ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಮರದ ತುದಿಯಿಂದ ಬಿದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ಮರ್ಯಾದೆ ಇರುತ್ತಿತ್ತು. ಇವರು ಮೆಣಸು ಕೊಯ್ದು, ಏಣಿ ಇಳಿದು, ಕೊನೆಯ ಮೆಟ್ಟಿಲಲ್ಲಿ ನಿಂತು ಯಾರಿಗೋ ಬೈಯುತ್ತಾ ಹಿಂದಕ್ಕೆ ತಿರುಗಿದರು, ಅಷ್ಟೇ. ಬಲಗಾಲಿನ ಪಾದದ ಗಂಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿತು. ಸಕಲೇಶಪುರದ ಡಾಕ್ಟರು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ, ಒಂದೂವರೆ ತಿಂಗಳು ಈ ಕಾಲು ನೆಲಕ್ಕೆ ತಾಗಕೂಡದು ಎಂದು ಹೇಳಿ ಕಳಿಸಿದರು.

ನಮ್ಮ ಮನೆ ಇರುವುದು ಆನೇಮಹಲ್ ಮತ್ತು ದೋಣಿಗಲ್ ನಡುವೆ, ಹೆದ್ದಾರಿಯಿಂದ ಒಳಕ್ಕೆ ಇಳಿಯುವ ಮಣ್ಣುರಸ್ತೆಯ ಕೊನೆಯಲ್ಲಿ. ಸುತ್ತ ನಮ್ಮದೇ ಕಾಫಿ ತೋಟ. ಎಸ್ಟೇಟ್ ಎಂದು ಕರೆಸಿಕೊಳ್ಳುವಷ್ಟು ದೊಡ್ಡದಲ್ಲ. ಮಾವ ಕೊಂಡಿದ್ದ ಹಳೆಯ ಡೀಸೆಲ್ ಜೀಪೊಂದು ಇತ್ತು. ಮಗಳನ್ನು ಅದರಲ್ಲಿ ಸಕಲೇಶಪುರದ ಸ್ಕೂಲಿಗೆ ಬಿಟ್ಟು ಕರೆತರುವುದು ಇವರ ಕೆಲಸ. ಮಾವ ಹೋದ ಮೇಲೆ ಮನೆಯಲ್ಲಿ ಗಾಡಿ ಬಿಡಲು ಬರುತ್ತಿದ್ದುದು ಇವರೊಬ್ಬರಿಗೇ.

ಮೊದಲ ವಾರ ಮಗನನ್ನು ಅತ್ತೆಯ ಹತ್ತಿರ ಬಿಟ್ಟು, ನಾನು ಮಗಳ ಕೈ ಹಿಡಿದು ಹೆದ್ದಾರಿಯವರೆಗೆ ನಡೆದೆ. ನಡೆಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಸ್ಸು. ಮಂಗಳೂರಿನಿಂದ ಘಾಟಿ ಹತ್ತಿ ಬರುವ ಬಸ್ಸುಗಳು ಜನ ತುಂಬಿಕೊಂಡು ನಮ್ಮನ್ನು ನೋಡಿಯೂ ನೋಡದಂತೆ ಹೋಗುತ್ತಿದ್ದವು. ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ಜಾಗವಿಲ್ಲ ಎಂದು ಕೈಯಾಡಿಸಿದರೆ ಮಗಳು ತಾನೂ ಕೈಬೀಸಿ, "ಅಮ್ಮ, ಅವ್ರು ದಿನಾ ನಮ್ಗೆ ಟಾಟಾ ಮಾಡ್ತಾರಲ್ಲ!" ಎಂದು ಖುಷಿಪಡುತ್ತಿದ್ದಳು. ಅವಳು ಸ್ಕೂಲು ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಮೊದಲ ಪಾಠ ಅರ್ಧಕ್ಕೆ ಬಂದಿರುತ್ತಿತ್ತು.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆಯೇ ಮಾತು ತೆಗೆದರು.

"ಜೀಪು ಶೆಡ್ಡಲ್ಲಿ ಹೋರಿ ಕಟ್ಟಾಕ್ದಂಗೆ ನಿಂತೈತೆ. ಇವ್ಳೇ ಕಲ್ತು ಓಡಿಸ್ಲಿ ಬುಡು."

ಇವರು ತುತ್ತನ್ನು ಅರ್ಧದಲ್ಲೇ ನಿಲ್ಲಿಸಿದರು. "ಅವ್ವಾ, ಜೀಪ್ ಓಡ್ಸೋದು ಅಂದ್ರೆ ಏನು ಒಲೆ ಹಚ್ಚಿದಂಗಾ?"

"ನಿಂಗೆ ಒಲೆ ಹಚ್ಚಾಕ್ ಬತ್ತದಾ?"

"ಇಲ್ಲ."

"ಮತ್ತೆ ಸುಮ್ನಿರು."

ನನಗೆ ಒಳಗೊಳಗೇ ನಗು. ನನ್ನ ತವರು ಆಲೂರಿನ ಕಡೆ. ಹೈಸ್ಕೂಲಿಗೆ ಹೋಗುವ ವಯಸ್ಸಿನಲ್ಲೇ ಅಪ್ಪನ ಆಲೂಗಡ್ಡೆ ಮೂಟೆಗಳನ್ನು ಹೇರಿದ ಎತ್ತಿನ ಗಾಡಿಯನ್ನು ಹೊಡೆದವಳು ನಾನು. ಎರಡು ಎತ್ತುಗಳನ್ನು ಹದ್ದುಬಸ್ತಿನಲ್ಲಿ ಇಟ್ಟವಳಿಗೆ ಒಂದು ಜೀಪು ಯಾವ ಲೆಕ್ಕ ಎಂದುಕೊಂಡೆ. ಮಾರನೆಯ ವಾರವೇ ಹಾಸನಕ್ಕೆ ಹೋಗಿ ಕಲಿಯುವವರಿಗೆ ಕೊಡುವ ಎಲ್‌ಎಲ್‌ಆರ್ ಮಾಡಿಸಿಕೊಂಡು ಬಂದೆ.

ಪಾಠ ಶುರುವಾದದ್ದು ಕಾಫಿ ಒಣಗಿಸುವ ಕಣದಲ್ಲಿ. ಒಣಗಿದ್ದ ಕಾಫಿಯನ್ನು ಒಂದು ಮೂಲೆಗೆ ಗುಡ್ಡೆ ಹಾಕಿಸಿ ಜಾಗ ಮಾಡಿದೆವು. ಕೆಲಸದ ಹೆಂಗಸರು ಮೆಣಸು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ಸಾಲಾಗಿ ಕಟ್ಟೆಯ ಮೇಲೆ ಕೂತರು. ನನ್ನ ಪಕ್ಕದ ಸೀಟಿನಲ್ಲಿ ಇವರು, ಪ್ಲಾಸ್ಟರ್ ಕಾಲು ಮುಂದಕ್ಕೆ ಚಾಚಿಕೊಂಡು. ಹಿಂದೆ ಮಗಳು.

"ಕ್ಲಚ್ ಒತ್ತು. ಗೇರ್ ಹಾಕು. ಹಾಂ, ಈಗ ನಿಧಾನಕ್ಕೆ ಬಿಡು. ನಿಧಾನ! ನಿಧಾನ ಅಂದ್ರೆ ಏನು ಅಂತ ಗೊತ್ತೈತೇನೇ ನಿಂಗೆ?"

ಜೀಪು ಕಪ್ಪೆಯ ಹಾಗೆ ಕುಪ್ಪಳಿಸಿ ನೇರ ಕಾಫಿ ಗುಡ್ಡೆಯ ಕಡೆ ಹೊರಟಿತು. ಕಾಲಿಗೆ ಏನು ಮಾಡಬೇಕೆಂದು ಮರೆತೇಹೋಯಿತು. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಎದೆಯ ಕಡೆ ಎಳೆದುಕೊಂಡು ಗಟ್ಟಿಯಾಗಿ, "ಹೋ... ಹೋ... ಹೋ!" ಎಂದೆ. ಜೀಪು ಗುಡ್ಡೆಗೆ ಮೂತಿ ತೂರಿಸಿ ತಾನಾಗಿಯೇ ಆಫ್ ಆಯಿತು. ಕಟ್ಟೆಯ ಮೇಲಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮಗಳು ಹಿಂದಿನಿಂದ ನನ್ನ ಭುಜ ತಟ್ಟಿ, "ಅಮ್ಮ, ಜೀಪಿಗೆ ಕಿವಿ ಇಲ್ಲ" ಎಂದಳು.

ನಾಲ್ಕಾರು ದಿನಗಳಲ್ಲಿ ಗುಡ್ಡೆಯನ್ನು ತಪ್ಪಿಸಿ ಸುತ್ತುಹಾಕುವಷ್ಟು ಕಲಿತೆ. ಆದರೆ ಪಕ್ಕ ಕೂತವರಿಗೆ ಸಮಾಧಾನವಿಲ್ಲ. ನಾನು ಗೋಡೆಯ ಹತ್ತಿರ ಹೋದಾಗಲೆಲ್ಲ ಇವರು ಅಲ್ಲಿ ಇಲ್ಲದ ಬ್ರೇಕನ್ನು ಪ್ಲಾಸ್ಟರ್ ಕಾಲಿನಲ್ಲಿ ಒತ್ತುತ್ತಿದ್ದರು. ಒಂದು ಸಂಜೆ ಕೆಳಗಿನಿಂದ ಹಪ್ಪಳ ಮುರಿದ ಹಾಗೆ ಸದ್ದು ಕೇಳಿಸಿತು. ನೋಡಿದರೆ ಪ್ಲಾಸ್ಟರ್ ಅಡ್ಡಡ್ಡ ಸೀಳಿದೆ.

ಪರಿಚಯದವರ ಕಾರಿನಲ್ಲಿ ಮತ್ತೆ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಕನ್ನಡಕ ಏರಿಸಿಕೊಂಡು, "ಓಡಾಡಿದ್ರಾ?" ಎಂದರು.

"ಇಲ್ಲ ಡಾಕ್ಟ್ರೇ."

"ಮತ್ತೆ ಹೇಗೆ ಒಡೀತು?"

"ಬ್ರೇಕ್ ಹಾಕ್ದೆ."

"ಈ ಕಾಲಲ್ಲಿ ಜೀಪ್ ಓಡ್ಸಿದ್ರಾ ನೀವು?"

"ಛೇ, ಇಲ್ಲ. ಓಡ್ಸಿದ್ದು ಇವ್ಳು."

ಡಾಕ್ಟರು ನನ್ನನ್ನೊಮ್ಮೆ ಇವರನ್ನೊಮ್ಮೆ ನೋಡಿದರು. ವಿಷಯ ಅರ್ಥವಾದ ಮೇಲೆ ನಗು ತಡೆಯಲಾಗದೆ ಆ ಕಡೆ ತಿರುಗಿಕೊಂಡರು. ಹೊಸ ಪ್ಲಾಸ್ಟರ್ ಹಾಕಿ, "ಇನ್ನು ನೀವು ಹಿಂದಿನ ಸೀಟು" ಎಂದು ಅಪ್ಪಣೆ ಮಾಡಿದರು.

ಹೀಗೆ ಮುಂದಿನ ಸೀಟು ಅತ್ತೆಯ ಪಾಲಾಯಿತು. ಇವರು ಹಿಂದಿನ ಉದ್ದ ಸೀಟಿನಲ್ಲಿ ಕಾಲು ಚಾಚಿ, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಲೈಸೆನ್ಸ್ ಇದ್ದವರೊಬ್ಬರು ಗಾಡಿಯಲ್ಲಿ ಇರಲೇಬೇಕಲ್ಲ. ಆದರೆ ಬಾಯಿ ಬಿಡುವ ಹಾಗಿರಲಿಲ್ಲ. "ನೀನು ಕೂಸ್ನ ಹಿಡ್ಕೊಂಡು ಸುಮ್ನೆ ಕೂತ್ಕೊ. ನೀನು ಕೂಗಿದ್ರೆ ಅವ್ಳಿಗೆ ಕೈ ನಡುಗ್ತದೆ," ಎಂದು ಅತ್ತೆ ಇವರಿಗೆ ಹೇಳಿದರು. ನನಗೂ, "ಹಿಂದ್ಲಿಂದ ಅವ್ನೇನಾರ ಅಂದ್ರೆ ಕಿವಿಗೇ ಹಾಕ್ಕೋಬ್ಯಾಡ" ಎಂದು ತಾಕೀತು ಮಾಡಿದರು.

ಅತ್ತೆಗೆ ಗೇರು ಯಾವುದು, ಬ್ರೇಕು ಯಾವುದು ಎಂದೇನೂ ಗೊತ್ತಿರಲಿಲ್ಲ. ಆದರೆ ಆ ಜೀಪಿನ ದನಿ ಗೊತ್ತಿತ್ತು. ಮಾವ ಊರಿಂದ ಬರುವಾಗ ದೂರದ ಏರಿನಲ್ಲಿ ಗೇರು ಬದಲಾಯಿಸಿದ ಸದ್ದು ಕೇಳಿದ ಕೂಡಲೇ ಇಲ್ಲಿ ಅಡಿಗೆಮನೆಯಲ್ಲಿ ಕಾವಲಿಗೆ ರೊಟ್ಟಿ ಹಾಕುತ್ತಿದ್ದರಂತೆ. ಮಾವ ಕೈಕಾಲು ತೊಳೆದು ಬರುವ ಹೊತ್ತಿಗೆ ರೊಟ್ಟಿ ಬೆಂದಿರುತ್ತಿತ್ತಂತೆ. ಮಣ್ಣುರಸ್ತೆಯಲ್ಲಿ ನಾನು ತಡಬಡಿಸುವಾಗ ಅವರು ತಲೆ ಓರೆ ಮಾಡಿ ಆಲಿಸಿ, "ಗೋಳಾಡ್ತೈತೆ ನೋಡು ಪಾಪ, ಬದ್ಲಾಯ್ಸು" ಎನ್ನುತ್ತಿದ್ದರು. ಕೆಲವು ಸಲ ಸರಿ, ಕೆಲವು ಸಲ ತಪ್ಪು. ತಪ್ಪಾದಾಗ ಜೀಪಿಗೇ ವಯಸ್ಸಾಯಿತು ಎಂದು ಬಿಡುತ್ತಿದ್ದರು.

ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಅದಕ್ಕೇ ಏರಿನಲ್ಲಿ ಗಾಡಿ ನಿಂತರೆ ಚಕ್ರದ ಹಿಂದೆ ಇಡಲು ಒಂದು ಕಲ್ಲು. ಸೀರೆಗೆ ಮಣ್ಣಾಗುತ್ತದೆಂದು ಅತ್ತೆ ಅದನ್ನು ತೊಳೆದು, ಹಳೆಯ ಟವೆಲ್ಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು.

ಸೋಮವಾರ ಬೆಳಿಗ್ಗೆ ಮೊದಲ ಸಲ ಹೆದ್ದಾರಿಗೆ ಹೊರಟೆವು. ಒಬ್ಬಳನ್ನು ಸ್ಕೂಲಿಗೆ ಬಿಡಲು ನಾಲ್ಕು ಜನ. ಮಣ್ಣುರಸ್ತೆಯ ಏರನ್ನು ಒಂದೇ ಉಸಿರಿಗೆ ಹತ್ತಿದೆ. ಟಾರು ಸಿಕ್ಕಿದ ಮೇಲೆ ಧೈರ್ಯ ಬಂತು. ಅದು ಮಂಗಳೂರಿಗೆ ಅದಿರು ಹೊತ್ತ ಲಾರಿಗಳು ಸಾಲುಗಟ್ಟುತ್ತಿದ್ದ ಕಾಲ. ಹೋಗುವವು ಭಾರಕ್ಕೆ ತೇಕುತ್ತಾ ಹೋದರೆ, ಖಾಲಿಯಾಗಿ ಬರುವವು ಗಡಗಡ ಅಂತ ಬೆನ್ನು ಹತ್ತುತ್ತಿದ್ದವು. ಆನೇಮಹಲ್‌ಗೆ ಮುಂಚೆ ಒಂದು ಏರಿನಲ್ಲಿ ಅಂಥದೊಂದು ಖಾಲಿ ಲಾರಿ ಹಿಂದಿನಿಂದ ಹಾರ್ನ್ ಹೊಡೆಯಿತು. ಗೇರು ಬದಲಾಯಿಸುತ್ತಿದ್ದ ನಾನು ಬೆಚ್ಚಿ ಕ್ಲಚ್ ಬಿಟ್ಟೆ. ಜೀಪು ನಿಂತೇಹೋಯಿತು.

ಬ್ರೇಕ್ ಒತ್ತಿ ಹಿಡಿದುಕೊಂಡೆ. ಲಾರಿಯ ಹಿಂದೆ ಮತ್ತೊಂದು ಲಾರಿ, ಅದರ ಹಿಂದೆ ಬಸ್ಸು, ಎಲ್ಲವೂ ಹಾರ್ನ್ ಹೊಡೆಯುತ್ತಿವೆ. ಅತ್ತೆ ಗಡಿಬಿಡಿಯಿಲ್ಲದೆ ಇಳಿದು, ಟವೆಲ್ ಬಿಚ್ಚಿ, ಕಲ್ಲನ್ನು ಚಕ್ರಕ್ಕೆ ಇಟ್ಟರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಲಾರಿಯ ಹತ್ತಿರ ಹೋದರು.

"ಯಾಕಪ್ಪಾ ಹಂಗ್ ಬಡ್ಕೊಂತೀಯ? ನೀನೇನು ಹುಟ್ತಾನೇ ಸ್ಟೇರಿಂಗ್ ಹಿಡ್ಕೊಂಡ್ ಹುಟ್ಟಿದ್ಯಾ?"

ಡ್ರೈವರ್ ನಡುವಯಸ್ಸಿನವನು. ಕನ್ನಡಿಯಲ್ಲಿ ಕಂಡಿತು, ಅವನು ಕೆಳಗೆ ಬಗ್ಗಿ ನೋಡಿ ನಕ್ಕುಬಿಟ್ಟ. ಹಾರ್ನ್ ನಿಲ್ಲಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಂದಿನವರಿಗೂ ತಡೆಯಿರಿ ಎಂದು ಸನ್ನೆ ಮಾಡಿದ.

"ಆರಾಮಾಗಿ ತಗೀಲಿ ಅಜ್ಜೀ. ನಾನಿಲ್ಲೇ ನಿಂತಿರ್ತೀನಿ," ಎಂದು ಕೂಗಿದ.

ನಾನು ಉಸಿರು ಬಿಗಿಹಿಡಿದು ಸ್ಟಾರ್ಟ್ ಮಾಡಿದೆ. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟೆ, ಇನ್ನೂ ಕೂದಲೆಳೆಯಷ್ಟು ಬಿಟ್ಟೆ. ಜೀಪು ನಡುಗಿತು, ಹೊರಟಿತು, ನಿಲ್ಲದೆ ಏರನ್ನು ಹತ್ತತೊಡಗಿತು. ಆ ಸಂತೋಷ ಹೇಳತೀರದು. ಹಿಂದಿನಿಂದ ಇವರು ಏನೋ ಕೂಗಿದರು. ಅತ್ತೆ ಹೇಳಿದ್ದರಲ್ಲ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೂ ಜೋರಾಗಿ ಕೂಗಿದರು. ನಾನು ಇನ್ನೂ ನೆಟ್ಟಗೆ ಕೂತು ಮುಂದೆ ನೋಡಿದೆ.

ಆಗ ಮಗಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು. "ಅಮ್ಮಾ, ಅಜ್ಜೀನ ಬಿಟ್ಬುಟ್ಟು ಬಂದ್ಯಲ್ಲ!"

ಪಕ್ಕದ ಸೀಟು ಖಾಲಿ! ಆದರೆ ಏರಿನ ನಡುವೆ ಮತ್ತೆ ನಿಲ್ಲಿಸುವ ಧೈರ್ಯ ಯಾರಿಗಿದೆ? ಏರು ಮುಗಿದು ರಸ್ತೆ ಸಮವಾದಲ್ಲಿ ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. "ಅವ್ವನ್ನ ನಡುರೋಡಲ್ಲಿ ಬಿಟ್ಟಿದೀಯಲ್ಲೇ ಮಾರಾಯ್ತೀ!" ಎಂದು ಇವರು ತಲೆ ಚಚ್ಚಿಕೊಂಡರು. ನಾನು ಇಳಿದು ಹಿಂದಕ್ಕೆ ಓಡಬೇಕೆನ್ನುವಷ್ಟರಲ್ಲಿ ಆ ಲಾರಿ ಮೆಲ್ಲಗೆ ಏರು ಹತ್ತಿ ಬಂತು. ಡ್ರೈವರ್ ಪಕ್ಕದಲ್ಲಿ, ಎತ್ತರದ ಸೀಟಿನಲ್ಲಿ, ಕಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು ನಮ್ಮತ್ತೆ ಮಹಾರಾಣಿಯ ಹಾಗೆ ಕೂತಿದ್ದಾರೆ. ಮಗಳು ಚಪ್ಪಾಳೆ ತಟ್ಟಿದಳು. ಅದನ್ನು ನೋಡಿ ಮಗನೂ ತಟ್ಟಿದ.

"ಅಜ್ಜಿ ಬಂದ್ರು, ಕಲ್ಲೂ ಬಂತು. ಸರಿಯಾಗಿ ನೋಡ್ಕೊಳ್ಳಿ ಅಕ್ಕಾ," ಎಂದ ಡ್ರೈವರ್.

ಅಳು ಬರುವ ಹಾಗಾಗಿದ್ದ ನಾನು ಅತ್ತೆಯ ಕೈ ಹಿಡಿದು ಇಳಿಸಿಕೊಂಡೆ. "ತಪ್ಪಾಯ್ತು ಅತ್ತೆ."

"ತಪ್ಪೆಂತದೇ? ಗಾಡಿ ನಿಲ್ಲಿಸ್ದೆ ಹತ್ತಿಸ್ದಲ್ಲ, ಅದೇ ಬೇಕಾಗಿದ್ದಿದ್ದು. ಲಾರಿ ಮ್ಯಾಲಿಂದ ನೋಡಿದ್ರೆ ಆಚೆ ಗುಡ್ಡವೆಲ್ಲ ಹೆಂಗ್ ಕಾಣ್ತದೆ ಗೊತ್ತಾ!" ಎಂದರು. ಅವರ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

ಸ್ಕೂಲಿನ ಗೇಟು ಮುಟ್ಟಿದಾಗ ಪ್ರಾರ್ಥನೆಯ ಗಂಟೆ ಇನ್ನೂ ಹೊಡೆದಿರಲಿಲ್ಲ. ಮಕ್ಕಳೆಲ್ಲ ಜೀಪನ್ನೂ, ಹಿಂದಿನಿಂದ ಹೊರಗೆ ಚಾಚಿದ್ದ ಬಿಳಿ ಪ್ಲಾಸ್ಟರ್ ಕಾಲನ್ನೂ ನೋಡುತ್ತಾ ನಿಂತರು. ಮಗಳಿಗೆ ನಾಚಿಕೆಯಾಯಿತೇನೋ ಎಂದು ನಾನು ಅಂಜುತ್ತಿದ್ದರೆ, ಅವಳು ಇಳಿದು ಗೆಳತಿಯ ಹತ್ತಿರ ದೊಡ್ಡ ದನಿಯಲ್ಲಿ, "ನಮ್ಮಜ್ಜಿ ಲಾರೀಲಿ ಬಂದ್ರು ಗೊತ್ತಾ?" ಎಂದಳು. ನಾನು ಜೀಪು ಬಿಟ್ಟ ಸುದ್ದಿಯೇ ಇಲ್ಲ!

ಅಂದಿನಿಂದ ದಿನವೂ ಹೋದೆವು. ಗಾಡಿ ನಿಲ್ಲುವುದು ಕಡಿಮೆಯಾಯಿತು, ಆಮೇಲೆ ಆ ನಿಲ್ಲುವುದೇ ನಿಂತುಹೋಯಿತು. ಹಿಂದೆ ಕೂತವರು ಬಾಯಿ ಬಿಡುವ ಹಾಗಿಲ್ಲದ್ದರಿಂದ ಮಗನಿಗೆ ಕತೆ ಹೇಳತೊಡಗಿದರು. ಮಗ ಮೊದಲು ಕಲಿತ ಮಾತು ಅಪ್ಪನೂ ಅಲ್ಲ, ಅಮ್ಮನೂ ಅಲ್ಲ, "ಪೀ ಪೀ". ಇವರು ನನ್ನ ಡ್ರೈವಿಂಗನ್ನು ಹೊಗಳಿದ್ದು ಒಮ್ಮೆ ಮಾತ್ರ, ಅದೂ ಬೇರೆಯವರ ಹತ್ತಿರ. ಕಾಫಿ ಹೂ ಅರಳಿಸುವ ಬೇಸಿಗೆ ಮಳೆ ಬಂದ ಮಾರನೆಯ ದಿನ ಮಣ್ಣುರಸ್ತೆ ಬೆಣ್ಣೆಯಂತಾಗಿತ್ತು. ಬಾಡಿಗೆ ಜೀಪೊಂದು ಚರಂಡಿಗೆ ಇಳಿದಿತ್ತು, ನಾನು ಪಕ್ಕದಲ್ಲೇ ದಾಟಿಸಿಕೊಂಡು ಬಂದಿದ್ದೆ. ಅಂಗಳದಲ್ಲಿ ಯಾರೊಂದಿಗೋ, "ನಮ್ಮವ್ಳು ಆರಾಮಾಗಿ ತಂದ್ಬುಟ್ಲು ಕಣೋ" ಎನ್ನುತ್ತಿದ್ದುದು ಅಡಿಗೆಮನೆಗೆ ಕೇಳಿಸಿತು. ಅವತ್ತು ಇವರ ತಟ್ಟೆಗೆ ಒಂದು ರೊಟ್ಟಿ ಹೆಚ್ಚು ಬಿತ್ತು.

ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಮಗಳ ಪರೀಕ್ಷೆಯೂ ಮುಗಿದಿತ್ತು. ಇವರು ಜೀಪಿನ ಕೀಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ನನ್ನ ಕೈಗೆ ಅಷ್ಟು ಹೊತ್ತಿಗೆ ಲೈಸೆನ್ಸೂ ಬಂದಿತ್ತು. ಆದರೂ ಇನ್ನು ನನಗೇನು ಕೆಲಸ ಎಂದುಕೊಂಡೆ. ಒಂದು ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ಟು ಅಡಿಗೆಮನೆಯ ಬಾಗಿಲಿಗೆ ಬಂದರು.

"ಮಾರನಹಳ್ಳಿಗೆ ಹೋಗಾನ ನಡಿ. ನಮ್ಮಕ್ಕನ್ನ ನೋಡ್ಬೇಕು."

ಇವರು, "ಇವತ್ತು ಆಗಲ್ಲ ಅವ್ವ, ತೋಟಕ್ಕೆ ನೀರು ಹೊಡೆಸ್ಬೇಕು. ಮುಂದಿನ ವಾರ ಕರ್ಕೊಂಡು ಹೋಗ್ತೀನಿ" ಎಂದರು.

"ನಿನ್ನ ಯಾರು ಕರೆದ್ರೋ? ಕೀ ಕೊಡು."

ಅತ್ತೆ, ನಾನು, ಇಬ್ಬರು ಮಕ್ಕಳು ಹೊರಟೆವು. ದೋಣಿಗಲ್ ದಾಟಿದ ಮೇಲೆ ಅತ್ತೆ ರಸ್ತೆ ನೋಡುತ್ತಲೇ ಹೇಳಿದರು. "ಅಕ್ಕನ ಮನೆ ಇಷ್ಟು ಹತ್ರ. ನಿಮ್ಮಾವ ಇದ್ದಾಗ ಅವ್ರಿಗೆ ಬಿಡುವಾದಾಗ ಹೋಗ್ತಿದ್ದೆ. ಆಮೇಲೆ ಇವ್ನಿಗೆ ಬಿಡುವಾದಾಗ. ನಂಗೆ ನೋಡ್ಬೇಕು ಅನ್ಸಿದ್ ದಿನ ಹೋಗ್ತಿರೋದು ಇದೇ ಮೊದ್ಲು ಕಣವ್ವ."

ನಾನು ಹಾರ್ನ್ ಹೊಡೆದೆ. ಅತ್ತೆ ನಕ್ಕರು.

ದೊಡ್ಡತ್ತೆ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದವರು ಜೀಪು ಕಂಡು ಎದ್ದು ನಿಂತರು. ಗಂಡಸರು ಇಳಿಯುತ್ತಾರೆಂದು ಸೆರಗು ಸರಿಮಾಡಿಕೊಂಡರು. ಇಳಿದದ್ದು ನಾವು. "ಯಾರೇ ಬಿಟ್ಕೊಂಡ್ ಬಂದಿದ್ದು?" ಎಂದು ಅವರು ಮೂರು ಸಲ ಕೇಳಿದರು, ಅತ್ತೆ ಮೂರು ಸಲವೂ ಅಷ್ಟೇ ಸಂತೋಷದಿಂದ, "ನನ್ ಸೊಸೆ" ಎಂದರು. ಕಡುಬು, ಕೋಳಿ ಸಾರು, ಎಳೆ ಹಲಸಿನಕಾಯಿ ಪಲ್ಯ ಆಯಿತು. ಅಕ್ಕ ತಂಗಿ ಮಧ್ಯಾಹ್ನವೆಲ್ಲ ಕಂಬಕ್ಕೆ ಒರಗಿ ಮಾತಾಡಿದರು. ಮಗಳು ಅಂಗಳದಲ್ಲಿ ಕೋಳಿಮರಿಗಳ ಹಿಂದೆ ಓಡಿದಳು, ಮಗ ಅವಳ ಹಿಂದೆ ಅಂಬೆಗಾಲಿಟ್ಟ.

ಬೆಳಕಿರುವಾಗಲೇ ಹಿಂದಿರುಗಿದೆವು. ಮಗ ಅಜ್ಜಿಯ ತೊಡೆಯ ಮೇಲೆ ಮಲಗಿದ್ದ. ದೋಣಿಗಲ್ ಹತ್ತಿರ ಒಂದು ತಿರುವಿನಲ್ಲಿ ಗೇರು ಬದಲಾಯಿಸುವಾಗ ಅತ್ತೆ ಏನೂ ಅನ್ನಲಿಲ್ಲವಲ್ಲ ಎಂದು ಓರೆಗಣ್ಣಿನಲ್ಲಿ ನೋಡಿದೆ. ಬಾಯಿ ಸ್ವಲ್ಪ ತೆರೆದುಕೊಂಡು, ತಲೆ ನನ್ನ ಕಡೆ ವಾಲಿಸಿ, ಅವರೂ ಗಾಢವಾಗಿ ನಿದ್ದೆ ಹೋಗಿದ್ದರು. ಹಿಂದಿನಿಂದ ಮಗಳು, "ಅಮ್ಮ, ಹಾರ್ನ್ ಹೊಡೀಬೇಡ, ಅಜ್ಜಿ ಎದ್ಬುಡ್ತಾರೆ" ಎಂದು ಪಿಸುಗುಟ್ಟಿದಳು. ಮಣ್ಣುರಸ್ತೆಗೆ ಇಳಿದ ಮೇಲೂ ಒಂದು ಹೊಂಡಕ್ಕೂ ಚಕ್ರ ಬೀಳದ ಹಾಗೆ ಮೆಲ್ಲಗೆ ಬಿಟ್ಟುಕೊಂಡು ಮನೆಗೆ ಬಂದೆ.