ಕತ್ತೆಕಿರುಬಕ್ಕೆ ಮೂರು ದಿನ

ನಮ್ಮ ಮನೆಯಲ್ಲಿ ಸಕ್ಕರೆ ಅಚ್ಚಿನ ಪ್ರಾಣಿಗಳನ್ನು ತಿನ್ನುವಂತಿರಲಿಲ್ಲ. ಸಂಕ್ರಾಂತಿಗೆ ಅಕ್ಕಪಕ್ಕದವರು ಎಳ್ಳುಬೆಲ್ಲದ ಜೊತೆ ಕೊಟ್ಟ ಅಚ್ಚುಗಳಲ್ಲಿ ಹೂವು, ಗೋಪುರ, ಕಳಶ ಮಾತ್ರ ನಮ್ಮ ಪಾಲು. ಜಿಂಕೆ, ಗಿಳಿ, ಆನೆಗಳು ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ನಿಂತು ಯುಗಾದಿಯ ಹೊತ್ತಿಗೆ ಇರುವೆಗಳ ಪಾಲಾಗುತ್ತಿದ್ದವು. ಚನ್ನರಾಯಪಟ್ಟಣದ ಜೈನರ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನನಗೆ ಮೂರು ಮೊಳದ ನಾಲಿಗೆ. ಸಕ್ಕರೆಗೆ ಎಲ್ಲಿಯ ಜೀವ ಅಂತ ಪ್ರತಿವರ್ಷ ಕೇಳುತ್ತಿದ್ದೆ. ಅಜ್ಜಿ ಒಂದು ಕಳಶ ನನ್ನ ಬಾಯಿಗೆ ತುರುಕಿ ಕಳಿಸುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಒಂಬತ್ತನೇ ಕ್ಲಾಸು ಮುಗಿಸಿ ನಾನು ರಜೆಯಲ್ಲಿದ್ದೆ. ಅಜ್ಜಿಗೆ ಹಾಸನದಲ್ಲಿ ಕಣ್ಣಿನ ಪೊರೆ ತೆಗೆಸಿದ್ದರು. ಕೊನೆಯ ಸಲ ತೋರಿಸಿಕೊಂಡು ಬರಲು ಅಮ್ಮ ನನ್ನನ್ನು ಜೊತೆಗೆ ಕಳಿಸಿದಳು. ಡಾಕ್ಟರು ಇನ್ನು ಇರುವೆಯ ಕಾಲೂ ಕಾಣುತ್ತದೆ ಎಂದರು. ಇಂಥ ಹೊಸ ಕಣ್ಣಿಗೆ ಒಂದು ಸಿನಿಮಾ ತೋರಿಸದಿದ್ದರೆ ಹೇಗೆ ಅಂತ ನಾನು ಹಠ ಹಿಡಿದೆ.

ಅದು ಮಕ್ಕಳ ಕಥೆಯ ಇಂಗ್ಲಿಷ್ ಸಿನಿಮಾ. ಒಬ್ಬ ಹುಡುಗಿ ಬಾವಿಗೆ ಇಳಿಯುತ್ತಾಳೆ, ತಳದಲ್ಲಿ ಪ್ರಾಣಿಗಳ ರಾಜ್ಯ. ಪ್ರಾಣಿಗಳೆಲ್ಲ ಕಂಪ್ಯೂಟರಿನಲ್ಲಿ ಮಾಡಿದವು ಅಂತ ಪೇಪರಿನಲ್ಲಿ ಓದಿದ್ದೆನಾದರೂ ಕತ್ತಲಲ್ಲಿ ಅದು ನೆನಪಿಗೇ ಬರಲಿಲ್ಲ. ನೀರುನಾಯಿಯೊಂದು ಹೊಳೆಯಿಂದ ಎದ್ದು ಮೈ ಕೊಡವಿದಾಗ ಅಜ್ಜಿ ಮುಖಕ್ಕೆ ಸೆರಗು ಅಡ್ಡ ಹಿಡಿದಳು. ಅವಳ ತವರು ಹೊಳೆನರಸೀಪುರ. ಸಣ್ಣವಳಾಗಿದ್ದಾಗ ಹೇಮಾವತಿಯಲ್ಲಿ ಇಂಥದ್ದನ್ನು ನೋಡಿದ್ದಳಂತೆ. ಇದು ಹಿಂಗೇ ಇರೋದು, ಹಿಂಗೇ ಇರೋದು ಎಂದು ಪಿಸುಗುಟ್ಟುತ್ತಲೇ ಇದ್ದಳು.

ಮಾತುಗಳನ್ನು ಅವಳ ಕಿವಿಯಲ್ಲಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಆ ರಾಜ್ಯದಲ್ಲಿ ಒಂದು ಕತ್ತೆಕಿರುಬ ಇತ್ತು, ಹುಡುಗಿಯನ್ನು ಕೊಲ್ಲಲು ಬೆನ್ನಟ್ಟುವ ಕೇಡಿ. ಅದರ ಒಂದು ಕಿವಿ ಹರಿದಿತ್ತು, ಜೊಲ್ಲು ನೂಲಿನಂತೆ ಜೋತಾಡುತ್ತಿತ್ತು, ಉಸಿರಾಡಿದರೆ ಮೂಗಿನ ಮುಂದಿನ ಹುಲ್ಲು ಅಲ್ಲಾಡುತ್ತಿತ್ತು. ಅದು ಎರಡು ಮಾತಾಡಿದರೆ ನಾನು ನಾಲ್ಕು ಹೇಳಿದೆ. ಅದು ಆಡದ ಬೈಗುಳಗಳನ್ನೆಲ್ಲ ಅದರ ಬಾಯಿಗೆ ತುಂಬಿದೆ. ಕೊನೆಯಲ್ಲಿ ಬಾಣ ತಗುಲಿ ಬಂಡೆಯಿಂದ ಉರುಳಿತು. ಮುಂಗಾಲಿನಿಂದ ಮಣ್ಣನ್ನು ಒಂದೆರಡು ಸಲ ಕೆರೆದು ಸುಮ್ಮನಾಯಿತು. ಇಡೀ ಥಿಯೇಟರು ಚಪ್ಪಾಳೆ ಹೊಡೆಯಿತು. ನಾನು ಎದ್ದು ನಿಂತು ಹೊಡೆದೆ, ಶಿಳ್ಳೆಯನ್ನೂ ಹಾಕಿದೆ. ತಿರುಗಿದರೆ ಅಜ್ಜಿ ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಹೆದರಿದ್ದಾಳೆ ಅಂದುಕೊಂಡೆ.

ಹೊರಗೆ ಬಂದರೆ ಬಿಸಿಲು ಸುಳ್ಳು ಅನ್ನಿಸಿತು. ಬಸ್ಸಿನ ಕಿಟಕಿಯಲ್ಲಿ ಶಾಂತಿಗ್ರಾಮದ ಹತ್ತಿರ ಕಂಡ ಎಮ್ಮೆಗಳನ್ನು ಯಾರೋ ಅವಸರದಲ್ಲಿ ಮಾಡಿ ಬಿಟ್ಟಂತಿತ್ತು, ಕೂದಲೂ ಸರಿಯಾಗಿ ಕೂರಿಸಿರಲಿಲ್ಲ. ಅರ್ಧ ನಿದ್ದೆಯಲ್ಲಿ ತೆಂಗಿನ ಸಾಲುಗಳು ನೀರಿನ ತಳದಲ್ಲಿ ಹೋಗುತ್ತಿದ್ದವು. ಊರು ಸೇರುವ ಹೊತ್ತಿಗೆ ಸೂರ್ಯ ಮುಳುಗಿದ್ದರಿಂದ, ಕತ್ತಲಾದ ಮೇಲೆ ಉಣ್ಣದ ಅಜ್ಜಿಗೆ ಅವತ್ತು ಊಟ ಇರಲಿಲ್ಲ.

ಮರುದಿನವೂ ತಟ್ಟೆ ಮುಟ್ಟಲಿಲ್ಲ. ಉಪವಾಸ ಎಂದಳು, ಕಾಯಿಸಿದ ನೀರು ಮಾತ್ರ. ನಿನ್ನೆ ಆ ಪ್ರಾಣಿ ಬಿತ್ತಲ್ಲ, ಅದಕ್ಕೆ ಮೂರು ದಿನ ಎಂದಳು. ಅಮ್ಮ ಬೆಂಕಿಯಾದಳು. ಹೋದ ವರ್ಷ ಹೀಗೇ ಉಪವಾಸ ಮಾಡಿ ಬಸದಿಯ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದಿದ್ದಳು ಅಜ್ಜಿ. ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಅಂತ ಡಾಕ್ಟರು ಹೇಳಿದ್ದರು. ಸಿನಿಮಾಕ್ಕೆ ಕರೆದೊಯ್ದವಳು ನೀನು, ಊಟಕ್ಕೆ ಎಬ್ಬಿಸುವವಳೂ ನೀನೇ ಅಂತ ಅಮ್ಮ ಎಲ್ಲವನ್ನೂ ನನ್ನ ತಲೆಗೆ ಕಟ್ಟಿದಳು. ನನಗೆ ನಿಜಕ್ಕೂ ಭಯವಾಯಿತು.

ಅಜ್ಜಿ ಅದನ್ನು ನಿಜವಾದ ಪ್ರಾಣಿ ಎಂದು ನಂಬಿದ್ದಾಳೆ, ಅದೇ ಇದಕ್ಕೆಲ್ಲ ಮೂಲ ಅಂತ ನಾನು ತೀರ್ಮಾನಿಸಿದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರಲ್ಲ, ಪರಾಂಬರಿಸಿ ತೋರಿಸಿಯೇ ಬಿಡೋಣ. ಪಕ್ಕದಲ್ಲೇ ಒಂದು ಫೋಟೋ ಸ್ಟುಡಿಯೋ. ಅದರ ಯಜಮಾನರು ದಂಡಿಗನಹಳ್ಳಿಯ ಹೊಸ ಜೋಡಿಗಳನ್ನು ಕಂಪ್ಯೂಟರಿನಲ್ಲಿ ಹಿಮದ ಬೆಟ್ಟದ ಮುಂದೆ ನಿಲ್ಲಿಸುವುದರಲ್ಲಿ ನಿಸ್ಸೀಮರು. ಸಿನಿಮಾದ ಪ್ರಾಣಿ ಹೇಗೆ ಮಾಡುತ್ತಾರೆಂದು ತೋರಿಸುವ ಸೀಡಿಯೊಂದು ಅವರಲ್ಲಿತ್ತು. ನಮ್ಮ ಸಿನಿಮಾದ್ದಲ್ಲ, ಬೇರೊಂದರ ನರಿ. ಎರಡನೇ ದಿನ ಮಧ್ಯಾಹ್ನ ಅಜ್ಜಿಯ ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿಕೊಂಡು ಹೋದೆ.

ಮೊದಲು ಸೊಳ್ಳೆಪರದೆಯಂಥ ಗೆರೆಗಳು ಬಂದವು. ಅದರೊಳಗೆ ಮೂಳೆ, ಮೂಳೆಗೆ ಮಾಂಸ, ಮೇಲೆ ಬೂದುಬಣ್ಣದ ಚರ್ಮ. ಆಮೇಲೆ ಮಳೆ ಬಿದ್ದ ಹೊಲದಂತೆ ಮೈತುಂಬ ಕೂದಲು ಮೊಳೆಯಿತು. ಕೊನೆಗೆ ಕಣ್ಣಿಗೆ ತೇವ ಇಟ್ಟರು, ನರಿ ಉಸಿರಾಡಿತು. ಅಜ್ಜಿ ಮೂಳೆಯ ಭಾಗವನ್ನು ಇನ್ನೊಂದು ಸಲ ಹಾಕಿಸಿಕೊಂಡು ನೋಡಿದಳು. ಒಂದೊಂದು ಕೂದಲೂ ನೆಟ್ಟವರು ಪುಣ್ಯವಂತರು ಎಂದಳು. ಗೆದ್ದೆ ಅಂದುಕೊಂಡು ನಾನು, ಈಗಲಾದರೂ ಊಟ ಮಾಡುತ್ತೀಯಾ ಅಂತ ಕೇಳಿದೆ.

"ಅದು ಬೊಂಬೆ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣವ್ವ. ಕಿರುಬ ಎಲ್ಲಾದ್ರೂ ಇಂಗ್ಲಿಷ್ ಮಾತಾಡ್ತದಾ?" ಎಂದಳು ಅಜ್ಜಿ. "ಚಪ್ಪಾಳೆ ಹೊಡ್ದದ್ದು ಬೊಂಬೆ ಅಲ್ವಲ್ಲ. ಪಕ್ಕದಾಗೇ ಕೂತಿದ್ದೆ, ನೋಡ್ದೆ."

ಸ್ಟುಡಿಯೋದವರು ಮೌಸು ಉಜ್ಜುತ್ತಾ ಕೂತರು. ಗೂಡಿನಲ್ಲಿ ಸಾಲಾಗಿ ನಿಂತ ಸಕ್ಕರೆ ಜಿಂಕೆಗಳು ಕಣ್ಣ ಮುಂದೆ ಬಂದವು. ಅವಳು ಎರಡು ದಿನದಿಂದ ಹಸಿದಿದ್ದದ್ದು ನನ್ನ ಕೈಗಳಿಗಾಗಿ. ನಾಚಿಕೆಯಾಯಿತು, ಅಳು ಬಂತು. ಮೂರನೇ ದಿನ ನನಗೆ ಕೊಡು ಎಂದೆ. ಅವಳು ತನ್ನ ಹೊಸ ಕಣ್ಣಿನಿಂದ ನನ್ನನ್ನು ನೋಡಿ, ಸರಿ ಎಂದಳು.

ಮರುದಿನ ಬೆಳಗ್ಗೆ ಅಜ್ಜಿ ಹೆಸರುಬೇಳೆ ಕಟ್ಟು ಕುಡಿದು ಪಾರಣೆ ಮಾಡಿದಳು. ಅಮ್ಮ ನೆಮ್ಮದಿಯ ಉಸಿರು ಬಿಟ್ಟಳು. ನಾನು ಕಾಯಿಸಿದ ನೀರು ಕುಡಿದು ನಡುಮನೆಯ ತಣ್ಣನೆ ನೆಲದ ಮೇಲೆ ಮಲಗಿದೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಒಗ್ಗರಣೆಯ ವಾಸನೆಗೆ ಹೊಟ್ಟೆ ಕಿವುಚಿತು, ಕಣ್ಣು ತಾನಾಗಿ ಮುಚ್ಚಿತು. ಕತ್ತೆಕಿರುಬ ಬಾಗಿಲು ದಾಟಿ ಬಂದು ನನ್ನ ಪಕ್ಕದಲ್ಲೇ ಮಲಗಿತು. ಅದೇ ಹರಿದ ಕಿವಿ. ಈ ಸಲ ಅದರ ಬಾಯಿಗೆ ನಾನು ಏನೂ ತುಂಬಲಿಲ್ಲ.

ಎಚ್ಚರವಾದಾಗ ಅಜ್ಜಿ ಬೀಸಣಿಗೆ ಹಿಡಿದು ತಲೆಯ ಬಳಿ ಕೂತಿದ್ದಳು. ಹಸಿವಾಯಿತಾ ಅಂತ ಕೇಳಿದಳು. ಹೂಂ ಅಂದೆ.

"ಆ ಕಿರುಬಕ್ಕೂ ಹಂಗೇ ಆಗಿತ್ತು. ಅದರ ಪಕ್ಕೆ ಮೂಳೆ ನೋಡ್ಲಿಲ್ವಾ ನೀನು?"

ನೋಡಿರಲಿಲ್ಲ.